ಮೂರು ಬೊಗಸೆ

ಪೆಟ್ಟಿಗೆಯನ್ನು ಕಾಲಡಿ ಇಟ್ಟುಕೊಳ್ಳಿ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಎರಡು ಸಲವೂ ಅವನು ಆಯಿತೆಂಬಂತೆ ತಲೆಯಾಡಿಸಿ, ಪೆಟ್ಟಿಗೆಯನ್ನು ತೊಡೆಯ ಮೇಲೇ ಉಳಿಸಿಕೊಂಡ. ಒಳಗಿದ್ದದ್ದು ಹತ್ತು ಕಿಲೋ ಹಿತ್ತಾಳೆ: ಐದರ ಕಲ್ಲು ಒಂದು, ಎರಡರವು ಎರಡು, ಒಂದರದು ಒಂದು, ಜೊತೆಗೆ ಮಖಮಲ್ಲಿನ ಗುಳಿಗಳಲ್ಲಿ ಹಲ್ಲಿನ ಸಾಲಿನಂತೆ ಕೂತ ಗ್ರಾಂ ಮರಿಗಳು. ಕೆಳಗಿಟ್ಟರೆ ಬಸ್ಸಿನ ಕುಲುಕಿಗೆ ಒಂದಕ್ಕೊಂದು ತಾಗುತ್ತವೆ, ತಾಗಿದರೆ ಸವೆಯುತ್ತವೆ, ಸವೆದರೆ ಊರಿನ ತಕ್ಕಡಿಗಳೆಲ್ಲ ಅಷ್ಟಷ್ಟು ಸುಳ್ಳು ಹೇಳುತ್ತವೆ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಮೂವತ್ತಮೂರು ವರ್ಷ ಹೀಗೇ ಲೆಕ್ಕ ಹಾಕಿದ್ದಕ್ಕೆ ಅವನಿಗೆ ಗುಲಗಂಜಿ ಎಂಬ ಹೆಸರು ಬಿದ್ದಿತ್ತು. 'ಗುಲಗಂಜಿ ಬಂದ ಕಣ್ರೋ, ಉಸಿರು ಬಿಗಿ ಹಿಡೀರಿ, ತಕ್ಕಡಿ ಅಲ್ಲಾಡತ್ತೆ' ಎಂದು ಗುಮಾಸ್ತರು ನಗುತ್ತಿದ್ದರು. ಅವನೂ ನಗುತ್ತಿದ್ದ. ಇವತ್ತು ಮಾತ್ರ ಅದೇ ಗುಲಗಂಜಿ ರಜೆ ಹಾಕಿ, ಕಚೇರಿಯ ಪೆಟ್ಟಿಗೆಯನ್ನು ಪುಸ್ತಕದಲ್ಲಿ ಬರೆಯದೆ ಎತ್ತಿಕೊಂಡು ಬಂದಿದ್ದ. ಅಜ್ಜನ ಸಮಾಧಿ ನೋಡಲು ಹೋಗುವವನಿಗೆ ತೂಕದ ಕಲ್ಲು ಯಾಕೆ ಎಂದು ಯಾರಾದರೂ ಕೇಳಿದ್ದರೆ ಏನು ಹೇಳುತ್ತಿದ್ದನೋ. ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ, ಅವಳು ಕೇಳಿದ್ದು ಬೇರೆಯದೇ.

"ಕದ್ದನೋ ಇಲ್ಲವೋ, ಅದೊಂದು ತಿಳ್ಕೊಂಡು ಬಾ" ಅಂದಿದ್ದಳು, ಬಾಗಿಲ ಚೌಕಟ್ಟು ಹಿಡಿದು ನಿಂತು. "ಹೌದು ಅಂದ್ರೆ ಹೌದು ಅನ್ನು, ಇಲ್ಲ ಅಂದ್ರೆ ಇಲ್ಲ ಅನ್ನು. ಮಧ್ಯದ್ದು ಏನೂ ಬೇಡ. ಮಧ್ಯದ್ದು ಕೇಳೋಷ್ಟು ಆಯಸ್ಸು ನಂಗಿಲ್ಲ."

ಎಂಬತ್ತೆಂಟು ವರ್ಷದ ಅತ್ತೆ, ಅವನ ಅಪ್ಪನ ಅಕ್ಕ, ಅವನನ್ನು ಸಾಕಿದವಳು. ಅವಳಿಗೆ ಒಂಬತ್ತಾಗಿದ್ದಾಗ ಅವಳಪ್ಪ, ಎಂದರೆ ಇವನ ಅಜ್ಜ, ತಕ್ಕಡಿ ರಿಪೇರಿಯ ಚೀಲ ಹೆಗಲಿಗೇರಿಸಿ ಹೋದವನು ತಿರುಗಿ ಬರಲಿಲ್ಲ. ಮೂರು ತಿಂಗಳಾದ ಮೇಲೆ ದಾರಿಹೋಕನೊಬ್ಬ ಅವನು ಸತ್ತನಂತೆ ಎಂದ. ಎಲ್ಲಿ ಎಂದರೆ ಗೊತ್ತಿಲ್ಲ ಎಂದ. ಅದಕ್ಕೂ ಮೊದಲೇ ಕಚೇರಿಯ ಜವಾನ ಬಂದು ಪರವಾನಗಿ ಕಾಗದವನ್ನು ಗೋಡೆಯಿಂದ ಕಿತ್ತುಕೊಂಡು ಹೋಗಿದ್ದ. ಕಿತ್ತ ಜಾಗದಲ್ಲಿ ಸುಣ್ಣ ಬೆಳ್ಳಗೆ ಚೌಕವಾಗಿ ಉಳಿದಿತ್ತಂತೆ. ಬೀದಿಯ ಮಕ್ಕಳು ಕಳ್ಳತೂಕ, ಕಳ್ಳತೂಕ ಎಂದು ಕೂಗುತ್ತ ಅತ್ತೆಯ ಹಿಂದೆ ಬರುತ್ತಿದ್ದರಂತೆ. ಅವತ್ತಿನಿಂದ ಇವತ್ತಿನವರೆಗೆ ಅತ್ತೆ ಯಾವ ಅಂಗಡಿಯಲ್ಲೂ ಕೊಸರು ತೆಗೆದುಕೊಂಡವಳಲ್ಲ. ತರಕಾರಿಯವಳು ತೂಗಿದ ಮೇಲೆ ಪ್ರೀತಿಯಿಂದ ಒಂದು ಹಿಡಿ ಹೆಚ್ಚಿಗೆ ಹಾಕಿದರೆ ಅತ್ತೆ ಅದನ್ನು ಒಂದೊಂದೇ ಆರಿಸಿ ಅವಳ ಬುಟ್ಟಿಗೆ ವಾಪಸು ಹಾಕುತ್ತಾಳೆ. 'ನಿಂದು ನಿಂಗೆ ಇರಲಮ್ಮ.' ಚಿಕ್ಕಂದಿನಲ್ಲಿ ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತಾಗ ಅವನಿಗೆ ನಾಚಿಕೆಯಾಗುತ್ತಿತ್ತು. ಆಮೇಲೆ ತೂಕದ ಕಚೇರಿಗೇ ಕೆಲಸಕ್ಕೆ ಸೇರಿದ. ಅದನ್ನು ತಾನು ಆರಿಸಿಕೊಂಡದ್ದೋ, ಅತ್ತೆ ಬುಟ್ಟಿಗೆ ಹಾಕಿದ್ದೋ, ಇನ್ನೂ ತಿಳಿದಿರಲಿಲ್ಲ.

ಕಿಟಕಿಯ ಆಚೆ ಮರಗಳು ಕುಳ್ಳಾಗುತ್ತ ಬಂದು, ಪೊದೆಯಾಗಿ, ಆಮೇಲೆ ಏನೂ ಇಲ್ಲವಾಯಿತು. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಕೂಸು ಅವನನ್ನೇ ನೋಡುತ್ತಿತ್ತು. ಎಷ್ಟಿರಬಹುದು, ನಾಲ್ಕೂವರೆ ಕಿಲೋ? ಅವನು ಕಣ್ಣು ತಪ್ಪಿಸಿದ. ಹೋದ ತಿಂಗಳು ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿಗೆ ವರ್ಷದ ಮುದ್ರೆ ಹಾಕಲು ಹೋದವನು ಪೆಟ್ಟಿಗೆಯನ್ನು ಬಿಚ್ಚಲೇ ಇಲ್ಲ. ಮೊಣಕಾಲು ಹರಿದುಹೋಗುವಂತೆ ನೋಯುತ್ತಿತ್ತು, ಹೊರಗೆ ತಾಯಂದಿರ ಸಾಲು ಇತ್ತು, ನರ್ಸಮ್ಮ 'ಬೇಗ ಸಾರ್, ಬೇಗ' ಎನ್ನುತ್ತಿದ್ದಳು. ಮುಳ್ಳು ಸೊನ್ನೆಯ ಮೇಲೆ ನಿಂತಿದ್ದನ್ನು ನೋಡಿ ಮುದ್ರೆ ಹೊಡೆದುಬಿಟ್ಟ. ಬರಿ ತಟ್ಟೆಯ ಮುಳ್ಳು ಸೊನ್ನೆಯಲ್ಲಿರುವುದೇನು ದೊಡ್ಡ ವಿಷಯ? ಸತ್ತ ತಕ್ಕಡಿಯೂ ಸೊನ್ನೆಯಲ್ಲೇ ಇರುತ್ತದೆ. ಮಾರನೆಯ ದಿನ ತಡೆಯಲಾರದೆ ಮತ್ತೆ ಹೋದ. ನರ್ಸಮ್ಮ "ಏನ್ ಸಾರ್ ಮತ್ತೆ?" ಎಂದಾಗ ಬಾಯಿಗೆ ಬಂದದ್ದು, "ಕನ್ನಡಕ ಇಲ್ಲೇ ಬಿಟ್ಟಿದ್ದೆ ಅನ್ಸತ್ತೆ." ಅವಳು ಅವನ ಮುಖವನ್ನೇ ನೋಡಿದಳು. ಕನ್ನಡಕ ಮೂಗಿನ ಮೇಲಿತ್ತು. ಅವಳು ನಗಲೂ ಇಲ್ಲ, ಅದೇ ಹೆಚ್ಚು ಚುಚ್ಚಿತು. ಸಿಕ್ಕಿತು, ಸಿಕ್ಕಿತು ಎನ್ನುತ್ತ ಮೆಟ್ಟಿಲಿಳಿದು ಬಂದಿದ್ದ.

ಅದೇ ವಾರ, ನಿವೃತ್ತಿಗೆ ಮುಂಚೆ ಉಗ್ರಾಣ ಚೊಕ್ಕ ಮಾಡಿಸುವಾಗ, ಗೆದ್ದಲು ಅಂಚು ತಿಂದ ಹಳೆಯ ರಿಜಿಸ್ಟರು ಕೈಗೆ ಬಂತು. ಪರವಾನಗಿ ಪಡೆದ ರಿಪೇರಿಗಾರರ ಪಟ್ಟಿ. ಪ್ರತಿ ಹೆಸರಿನ ಮುಂದೆ ಅವನವನ ಮುದ್ರೆಯ ಚಿತ್ರ. ಅಜ್ಜನ ಮುದ್ರೆ ಒಂದು ಅಡ್ಡಗೆರೆ, ಗೆರೆಯ ಎರಡು ತುದಿಗೆ ಎರಡು ಚುಕ್ಕೆ. ಮಗು ಬರೆದ ತಕ್ಕಡಿಯ ಹಾಗೆ. ಅದರ ಮೇಲೆ ಕೆಂಪು ಶಾಯಿಯಲ್ಲಿ, ಉಪ್ಪಿನ ಕಾರ್ಖಾನೆಯ ಕಲ್ಲುಗಳಲ್ಲಿ ಕೊರತೆ, ಪರವಾನಗಿ ರದ್ದು, ಎಂದು ಬರೆದಿತ್ತು. ಮೂವತ್ತಮೂರು ವರ್ಷದಲ್ಲಿ ಎಷ್ಟು ಸಾವಿರ ಕಲ್ಲುಗಳನ್ನು ಮಗುಚಿ, ತಳದ ಸೀಸದ ಮೇಲಿನ ಮುದ್ರೆ ನೋಡಿದ್ದನೋ. ಆ ಗೆರೆ, ಆ ಎರಡು ಚುಕ್ಕೆ ಒಂದರಲ್ಲೂ ಕಂಡಿರಲಿಲ್ಲ. ಉಪ್ಪಿನ ಕಾರ್ಖಾನೆ ಇದ್ದ ಊರಿನ ಅಂಚೆ ಮಾಸ್ತರರಿಗೆ ಪತ್ರ ಬರೆದ. ಒಂದು ಕಾರ್ಡು ಬಂತು: ಕಾರ್ಖಾನೆ ಮುಚ್ಚಿ ಐವತ್ತು ವರ್ಷವಾಯಿತು; ಕೊನೆಯ ಬದುವಿನ ಮೇಲೆ ತಕ್ಕಡಿಯವನ ಗುಡ್ಡೆ ಅಂತ ಒಂದು ಸಮಾಧಿ ಇದೆ; ಅಂಗಡಿಯಮ್ಮನನ್ನು ಕೇಳಿ.

ಅಂಗಡಿ ಬಸ್ಸು ನಿಲ್ಲುವ ಜಾಗದಲ್ಲೇ ಇತ್ತು. ಬಸ್ಸು ನಿಲ್ಲುತ್ತಿದ್ದದ್ದೇ ಅಂಗಡಿ ಇದೆ ಅಂತ. ತಗಡಿನ ಮಾಡು, ಮುಂದೆ ಕಲ್ಲುಬೆಂಚು, ಒಳಗೆ ಸಾಲು ಡಬ್ಬಗಳು, ತೊಲೆಯಿಂದ ಇಳಿಬಿದ್ದ ದೊಡ್ಡ ತಕ್ಕಡಿ. ಅಂಗಡಿಯಮ್ಮ ಎಪ್ಪತ್ತರ ಹತ್ತಿರದವಳು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು. ತಕ್ಕಡಿಯವನ ಮೊಮ್ಮಗ ತಾನು ಎಂದು ಅವನು ಹೇಳಿದ್ದೇ ತಡ, ಅಳೆಯುತ್ತಿದ್ದ ಎಣ್ಣೆಯನ್ನು ಹಾಗೇ ಬಿಟ್ಟು ಹೊರಗೆ ಬಂದಳು.

"ಈಗ ಬಂದ್ರಾ?" ಅಂದಳು. "ನಮ್ಮಪ್ಪ ಸಾಯೋವರೆಗೂ ದಾರಿ ನೋಡಿದ್ರು. ಅವರ ಕಡೆಯವರು ಒಂದಲ್ಲ ಒಂದಿನ ಬರ್ತಾರೆ, ತೋರಿಸಬೇಕು, ತೋರಿಸಬೇಕು ಅಂತ. ಒಂದು ಕಾಗದ ಹಾಕೋಣ ಅಂದ್ರೆ ಊರು ಯಾವುದು ಅಂತಾನೇ ನಮ್ಮೋರಿಗೆ ಯಾರಿಗೂ ಗೊತ್ತಿರಲಿಲ್ಲ. ಕೂತ್ಕೊಳಿ. ಬೇಡ, ಏಳಿ, ಬಿಸಿಲು ಏರೋದ್ರೊಳಗೆ ಹೋಗಿ ಬಂದುಬಿಡೋಣ. ಆ ಪೆಟ್ಟಿಗೆ ಇಲ್ಲೇ ಇಡಿ, ಯಾರೂ ಹೊತ್ಕೊಂಡು ಹೋಗಲ್ಲ. ಏನಿದೆ ಅದರಲ್ಲಿ, ಕಲ್ಲಾ?"

"ಕಲ್ಲೇ" ಎಂದ ಅವನು.

ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಜಾಗ. ಎರಡು ಕಡೆಗೂ ಒಡೆದ ಉಪ್ಪಿನ ಮಡಿಗಳು, ತಳದಲ್ಲಿ ಬಿಳಿಯ ಹೆಪ್ಪು. ಅಂಗಡಿಯಮ್ಮ ಮುಂದೆ ನಡೆಯುತ್ತ ಹಿಂದಕ್ಕೆ ತಿರುಗದೆ ಮಾತಾಡುತ್ತಿದ್ದಳು. ಗಾಳಿ ಅರ್ಧ ಮಾತನ್ನು ತಿಂದು ಅರ್ಧ ತಂದು ಕೊಡುತ್ತಿತ್ತು. ಅವಳಪ್ಪ ಉಪ್ಪು ಹೊರುವವನು. ಒಂದು ತೂಕ ಎಂದರೆ ಈಗಿನ ಲೆಕ್ಕದಲ್ಲಿ ಇಪ್ಪತ್ತು ಕಿಲೋ. ಬುಟ್ಟಿ ಹೊತ್ತು ತಂದು ತಟ್ಟೆಗೆ ಸುರಿಯಬೇಕು, ಕಲ್ಲು ಮೇಲೇಳಬೇಕು, ಏಳದಿದ್ದರೆ ಆ ಹೊರೆ ಲೆಕ್ಕಕ್ಕಿಲ್ಲ. ಎಷ್ಟೋ ಜನ ಕೊನೆಯ ಹಿಡಿ ಉಪ್ಪಿಗೆ ಮತ್ತೆ ಮಡಿಗೆ ಓಡುತ್ತಿದ್ದರು. ಒಂದು ವರ್ಷ ತಕ್ಕಡಿಯವನು ಬಂದ, ಕಾರ್ಖಾನೆಯ ಆರು ಕಲ್ಲುಗಳನ್ನೂ ರಿಪೇರಿ ಮಾಡಿದ, ಎಂಟು ದಿನ ಕೂಲಿಯವರ ಗುಡಿಸಲಲ್ಲೇ ಮಲಗಿದ, ಹೋದ.

"ಅಪ್ಪ ಹೇಳೋರು, ಅವನು ಬಂದು ಹೋದ ಮೇಲೆ ಬುಟ್ಟಿ ಹಗುರ ಆಯ್ತು ಕಣೇ ಅಂತ. ಅಮ್ಮ ನಗೋರು, ಬುಟ್ಟಿ ಯಾಕೆ ಹಗುರ ಆಗತ್ತೆ, ನಾನು ಮನೆಗೆ ಬಂದೆನಲ್ಲ, ನಿಮಗೆ ಶಕ್ತಿ ಬಂತು ಅಂತ. ಹೊಸದಾಗಿ ಮದುವೆ ಆಗಿದ್ರಲ್ಲ."

ಅವನು ನಿಂತ. ಅವಳಿಗೆ ಗೊತ್ತಾಗಲಿಲ್ಲ, ಮುಂದೆ ಹೋಗುತ್ತಲೇ ಇದ್ದಳು. ಕೊರತೆ ಎಂದು ಬರೆದ ಕೆಂಪು ಶಾಯಿ ನೆನಪಿಗೆ ಬಂತು. ಇಷ್ಟು ವರ್ಷ ಅವನು, ಅತ್ತೆ, ಸತ್ತುಹೋದ ಅಪ್ಪ, ಬೀದಿಯ ಮಕ್ಕಳು, ಎಲ್ಲರೂ ಅಂಗಡಿಯ ಈಚೆ ನಿಂತು ಕೊಳ್ಳುವವರಾಗಿಯೇ ಯೋಚಿಸಿದ್ದರು. ಕಲ್ಲು ಕಮ್ಮಿಯಾದರೆ ಕೊಳ್ಳುವವನಿಗೆ ಮೋಸ. ಹೊತ್ತು ತಂದು ಸುರಿಯುವವನಿಗೆ? ಮೂವತ್ತಮೂರು ವರ್ಷ ತಕ್ಕಡಿಗಳ ನಡುವೆ ಬದುಕಿದವನಿಗೆ ಎರಡನೆಯ ತಟ್ಟೆ ಹೊಳೆದಿರಲಿಲ್ಲ ಎನ್ನುವುದೇ ಒಂದು ತೆರನ ಅವಮಾನವಾಗಿ ಕಿವಿ ಬಿಸಿಯಾಯಿತು.

"ಆಮೇಲೆ ಸಾಹೇಬರು ಬಂದ್ರು, ಕಲ್ಲುಗಳ ಮೇಲೆ ತಕರಾರು ಆಯ್ತು. ಇವನನ್ನ ಕರೆಸಿದ್ರು. ಬಂದ. ಬರದೇ ಇರಬಹುದಿತ್ತು, ಬಂದ. ಬರೋವಾಗಲೇ ಜ್ವರ. ವಿಚಾರಣೆಗೆ ಮುಂಚೆನೇ ಹೋಗಿಬಿಟ್ಟ. ಊರಲ್ಲಿ ಜಾಗ ಇಲ್ಲ ಅಂದ್ರಂತೆ ಕಾರ್ಖಾನೆಯವರು. ಹೊರೋರೆಲ್ಲ ಸೇರಿ ಇಲ್ಲಿಗೆ ತಂದ್ರು. ಇಪ್ಪತ್ತು ಜನ, ಸರದಿ ಮೇಲೆ. ಅಷ್ಟು ಹಗುರದ ಹೊರೆ ನಾವು ಯಾವತ್ತೂ ಹೊತ್ತಿರಲಿಲ್ಲ ಅನ್ನೋರು ಅಪ್ಪ."

ಗುಡ್ಡೆ ಮೊಣಕಾಲೆತ್ತರ ಇತ್ತು. ಕಾಡುಗಲ್ಲಿನ ರಾಶಿ, ಅದರ ಮೇಲೆ ತಕ್ಕಡಿಯ ಕಬ್ಬಿಣದ ತಟ್ಟೆಯೊಂದನ್ನು ಬೋರಲು ಹಾಕಿತ್ತು. ತುಕ್ಕು ಹಿಡಿದು ತಟ್ಟೆ ಒಣ ಎಲೆಯಂತಾಗಿತ್ತು. ಅಂಚಿನಲ್ಲಿ ಸರಪಣಿ ಸಿಕ್ಕಿಸುವ ಮೂರು ತೂತು. ಹೆಸರಿಲ್ಲ, ತಾರೀಖಿಲ್ಲ. ಇಲ್ಲಿ ಏನಾದರೂ ಆಗಬಹುದು, ತನ್ನೊಳಗೆ ಏನಾದರೂ ಕರಗಬಹುದು ಎಂದು ಬಸ್ಸಿನಲ್ಲಿ ಅಂದುಕೊಂಡಿದ್ದ. ಏನೂ ಆಗಲಿಲ್ಲ. ಗಾಳಿ ಬೀಸುತ್ತಿತ್ತು, ತುಟಿಗೆ ಉಪ್ಪು ಹತ್ತುತ್ತಿತ್ತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯೂರಿ ತಟ್ಟೆಯನ್ನು ಮುಟ್ಟಿದ. ಏಳಲು ಹೋದರೆ ಮೊಣಕಾಲು ಕೇಳಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದ, ಆಗಲಿಲ್ಲ. ದುಃಖದಿಂದ ಕೂತಿದ್ದಾನೆಂದು ತಿಳಿದ ಅಂಗಡಿಯಮ್ಮ ದೂರ ಸರಿದು, ಬೆನ್ನು ತಿರುಗಿಸಿ ಮರ್ಯಾದೆಯಿಂದ ಕಾದಳು.

"ಅಮ್ಮಾ" ಎಂದ ಅವನು ಕೊನೆಗೆ, "ಸ್ವಲ್ಪ ಕೈ ಕೊಡಿ. ಏಳಕ್ಕೆ ಆಗ್ತಿಲ್ಲ."

"ಅಯ್ಯೋ, ಆಗಲೇ ಹೇಳಬಾರದಾ! ನಾನು ನೋಡಿ, ಎಷ್ಟು ಅಳ್ತಾರಪ್ಪ ಈ ಮನುಷ್ಯ ಅಂತ ನಿಂತಿದ್ದೆ." ಹಿಟ್ಟಿನ ಮೂಟೆ ಎತ್ತುವಂತೆ ಕಂಕುಳಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದಳು.

ಅಂಗಡಿಗೆ ತಿರುಗಿ ಬಂದಾಗ ಗಿರಾಕಿಯೊಬ್ಬಳು ಮೂಟೆ ಅಕ್ಕಿಗೆ ಕಾದು ನಿಂತಿದ್ದಳು. ಅಂಗಡಿಯಮ್ಮ ಮೂಲೆಯಿಂದ ಎರಡೂ ಕೈಯಲ್ಲಿ ಕಬ್ಬಿಣದ ತೂಕದ ಕಲ್ಲೊಂದನ್ನು ಎತ್ತಿ ತಟ್ಟೆಗಿಟ್ಟು ಇಪ್ಪತ್ತು ತೂಗಿದಳು. ತೂಗಿದ ಮೇಲೆ ಚೀಲಕ್ಕೆ ಒಂದು ಬೊಗಸೆ, ಮತ್ತೊಂದು ಬೊಗಸೆ ಅಕ್ಕಿ ತುಂಬಿ ಹಾಕಿದಳು. ಗಿರಾಕಿ ಹೋದ ಮೇಲೆ ಹೇಳಿದಳು: ಅದೇ ನಿಮ್ಮಜ್ಜನ ಕಲ್ಲು. ಐದನ್ನ ಸಾಹೇಬರು ಒಡೆಸಿ ಹಾಕಿದರು, ಇದೊಂದನ್ನ ಹೊರುವವರು ಉಪ್ಪಿನ ರಾಶಿಯಲ್ಲಿ ಹೂತಿಟ್ಟರು. ಕಾರ್ಖಾನೆ ಮುಚ್ಚಿದ ಮೇಲೆ ಅಪ್ಪ ಅಂಗಡಿ ಹಾಕಿದಾಗ ಹೊರಗೆ ತೆಗೆದರು. "ಈ ಸುತ್ತಲ್ಲಿ ಈ ಕಲ್ಲು ಅಂದ್ರೆ ಪ್ರಮಾಣ, ಗೊತ್ತಾ? ಜಗಳ ಆದ್ರೆ ಇದನ್ನ ಮುಟ್ಟಿ ಹೇಳು ಅಂತಾರೆ."

ಅವನು ಕಲ್ಲನ್ನು ಮಗುಚಿದ. ತಳದ ಸೀಸದ ಮೇಲೆ ಒಂದು ಗೆರೆ, ಎರಡು ತುದಿಗೆ ಎರಡು ಚುಕ್ಕೆ. ಹೆಬ್ಬೆರಳಿಂದ ಸವರಿದ. ಸಮಾಧಿಯ ಮುಂದೆ ಬಾರದ್ದು ಇಲ್ಲಿ, ಅಕ್ಕಿಯ ಧೂಳಿನಲ್ಲಿ, ಬಂತು. ಆದರೆ ಬೆರಳಿಗೆ ಅದರದೇ ಅಭ್ಯಾಸ. ಗೆಣ್ಣಿನಿಂದ ಸೀಸವನ್ನು ತಟ್ಟಿತು. ತುಂಬಿದ ಕಲ್ಲು ಟಕ್ ಅನ್ನಬೇಕು. ಇದು ಡಬ್ ಅಂದಿತು. ಒಳಗಿನ ಸೀಸ ಕೊರೆದು ತೆಗೆದು, ಬೆಂಡೋ ಮರವೋ ತುಂಬಿ, ಮೇಲೆ ತೆಳ್ಳಗೆ ಸೀಸದ ಹಾಳೆ ಮುಚ್ಚಿ ಮುದ್ರೆ ಹೊಡೆದಿದ್ದಾನೆ. ಕೆಲಸ ಎಷ್ಟು ನಯವಾಗಿತ್ತೆಂದರೆ ಅಂಚು ಸಿಗಲಿಲ್ಲ.

"ಒಂದು ಸಲ ತೂಗಿ ನೋಡಲಾ?" ಎಂದು ಕೇಳಿದ.

"ನೋಡಿ, ಅದಕ್ಕೇನು. ಬೇರೆಯವರು ಕೇಳಿದ್ದರೆ ಬಯ್ತಿದ್ದೆ."

ಪೆಟ್ಟಿಗೆ ಬಿಚ್ಚಿ, ಹಿತ್ತಾಳೆ ಕಲ್ಲುಗಳಿಂದ ಹತ್ತು ಕಿಲೋ ಅಕ್ಕಿ ಒಂದು ಸಲ, ಇನ್ನೊಂದು ಸಲ ತೂಗಿ, ಎರಡನ್ನೂ ಸೇರಿಸಿ ಅಜ್ಜನ ಕಲ್ಲಿಗೆ ಎದುರಿಟ್ಟ. ಅಕ್ಕಿಯ ತಟ್ಟೆ ಕೆಳಗಿಳಿಯಿತು. ಕಲ್ಲಿನ ಕಡೆ ಮರಿಗಳನ್ನು ಸೇರಿಸುತ್ತ ಹೋದ. ಒಂದು ಕಿಲೋ ನೂರೈವತ್ತು ಗ್ರಾಂ. ಒಂದು ಹೊರೆಗೆ ಅಷ್ಟು. ದಿನಕ್ಕೆ ಒಬ್ಬನ ಹೊರೆಗಳೆಷ್ಟೋ, ಹೊತ್ತವರೆಷ್ಟೋ. ಆಮೇಲೆ, ಇದೇ ಕಲ್ಲು ಇದೇ ತೊಲೆಯ ಕೆಳಗೆ ಬಂದ ಮೇಲೆ, ಅದೇ ಹೊತ್ತವರ ಮಕ್ಕಳು ಮೊಮ್ಮಕ್ಕಳು ಒಯ್ದ ಇಪ್ಪತ್ತು ಕಿಲೋಗಳೆಷ್ಟೋ. ಕಾನೂನಿನ ಪ್ರಕಾರ ಈಗಲೇ ಈ ಕಲ್ಲನ್ನು ಜಪ್ತಿ ಮಾಡಬೇಕು. ಅವನ ಕೈ ಸುಮ್ಮನೆ ತಟ್ಟೆಯ ಸರಪಣಿ ಹಿಡಿದುಕೊಂಡಿತ್ತು.

"ಸರಿ ಇದೆಯಲ್ಲ?" ಅಂದಳು ಅಂಗಡಿಯಮ್ಮ, ಡಬ್ಬ ಒರೆಸುತ್ತ.

"ಆ ಬೊಗಸೆ ಯಾಕೆ ಹಾಕ್ತೀರಿ ಅಮ್ಮ, ತೂಗಿದ ಮೇಲೆ?"

"ಅದಾ? ಅಪ್ಪ ಹೇಳಿಹೋಗಿದ್ದು. ಈ ಕಲ್ಲಲ್ಲಿ ತೂಗಿದಾಗಲೆಲ್ಲ ಮೂರು ಬೊಗಸೆ ಜಾಸ್ತಿ ಹಾಕು, ಯಾಕೆ ಅಂತ ಕೇಳಬೇಡ ಅಂತ. ಕೊಸರು ಅಂತ ಇಟ್ಕೊಳ್ಳಿ."

"ಈಗ ಎರಡು ಹಾಕಿದ್ರಿ."

ಅವಳು ಡಬ್ಬ ಒರೆಸುವುದನ್ನು ನಿಲ್ಲಿಸಿದಳು. "ಒಳ್ಳೆ ಕಣ್ಣು ನಿಮ್ಮದು. ಈಗೊಂದು ಹತ್ತು ವರ್ಷದಿಂದ ಎರಡೇ. ಕಾಲ ಹಾಗಿದೆ ಅಣ್ಣ. ಮೂರು ಬೊಗಸೆ ಧರ್ಮಕ್ಕೆ ಯಾರು ಕೊಡ್ತಾರೆ? ಎರಡಾದ್ರೂ ಹಾಕ್ತೀನಲ್ಲ."

ಅವಳಿಂದಲೇ ಮೂರು ಬೊಗಸೆ ಅಕ್ಕಿ ಹಾಕಿಸಿ ತೂಗಿದ. ಒಂದು ಕಿಲೋ ನೂರು. ಅವಳಪ್ಪನ ಕೈ ಇವಳ ಕೈಗಿಂತ ದೊಡ್ಡದಿದ್ದಿರಬೇಕು. ಕಲ್ಲನ್ನು ಸರಿ ಮಾಡುವುದು ಕಷ್ಟವಲ್ಲ. ಆ ಹಾಳೆ ಕತ್ತರಿಸಿ, ಬೆಂಡು ತೆಗೆದು, ಸೀಸ ಕರಗಿಸಿ ಹೊಯ್ದರೆ ಅರ್ಧ ಗಂಟೆಯ ಕೆಲಸ. ಆದರೆ ಗೆರೆ ಹೋಗುತ್ತದೆ, ಚುಕ್ಕೆಗಳು ಹೋಗುತ್ತವೆ. ಭೂಮಿಯ ಮೇಲೆ ಅಜ್ಜನ ಕೈ ಬರೆದದ್ದೆಂದು ಉಳಿದಿದ್ದು ಅದೊಂದೇ. ಹೊರಗೆ ವಾಪಸು ಹೋಗುವ ಬಸ್ಸು ಹಾರ್ನ್ ಮಾಡಿತು. ಅವನು ಮರಿಗಳನ್ನು ಗುಳಿಗಳಲ್ಲಿ ಕೂರಿಸಿ ಪೆಟ್ಟಿಗೆ ಮುಚ್ಚಿದ.

"ಮೂರೇ ಹಾಕಿ ಅಮ್ಮ" ಎಂದ.

"ಯಾಕೆ?"

"ಕೇಳಬೇಡ ಅಂದಿದ್ದಾರಲ್ಲ ನಿಮ್ಮಪ್ಪ."

ಅವಳು ಅವನನ್ನೂ ಕಲ್ಲನ್ನೂ ಒಮ್ಮೆ ನೋಡಿದಳು. ಏನು ತಿಳಿಯಿತೋ. "ಆಗಲಿ, ಮೂರು" ಎಂದಳು, ಸ್ವಲ್ಪ ಮೆತ್ತಗಿನ ಗಂಟಲಲ್ಲಿ.

ಬಸ್ಸಿನಲ್ಲಿ ಉದ್ದಕ್ಕೂ ಅವನು ಒಂದು ಮಾತನ್ನು ತಿದ್ದುತ್ತ ಕೂತ. ಹೌದು, ಆದರೆ. ಇಲ್ಲ, ಆದರೂ. ಮಧ್ಯದ್ದು ಬೇಡ ಎಂದಿದ್ದಳು. ಮನೆ ಮುಟ್ಟಿದಾಗ ಅತ್ತೆ ಮೊರದಲ್ಲಿ ಕಾಳು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ, ಕೈ ಮಾತ್ರ ನಿಂತಿತು. ಅವನು ಚಪ್ಪಲಿ ಬಿಡದೆಯೇ ಹೇಳಿದ:

"ಹೌದು ಅತ್ತೆ."

ಅತ್ತೆ ಒಂದು ಕಲ್ಲುಹರಳನ್ನು ಎತ್ತಿ ಪಕ್ಕಕ್ಕಿಟ್ಟಳು. ಇನ್ನೊಂದನ್ನು ಇಟ್ಟಳು. ಆಮೇಲೆ ಕೇಳಿದಳು, "ಯಾರಿಗೋಸ್ಕರ?"

ಈ ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ. ಹೊಸ್ತಿಲ ಮೇಲೇ ಕೂತು ಎಲ್ಲವನ್ನೂ ಹೇಳಿದ. ಬುಟ್ಟಿ ಹಗುರವಾದದ್ದು, ಕರೆದಾಗ ಜ್ವರದಲ್ಲೂ ಹೋದದ್ದು, ಇಪ್ಪತ್ತು ಜನ ಸರದಿಯಲ್ಲಿ ಹೊತ್ತದ್ದು, ಬೋರಲು ತಟ್ಟೆ, ಮೂರು ಬೊಗಸೆ, ಎರಡು ಬೊಗಸೆ. ತನ್ನ ಮೊಣಕಾಲಿನದ್ದನ್ನೂ ಹೇಳಿದ. ಅತ್ತೆ ಅಲ್ಲಿ ಮಾತ್ರ ನಕ್ಕಳು. ಇಪ್ಪತ್ತು ಜನರ ಮಾತಿಗೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡಳು, ಅಷ್ಟೇ.

"ಹೊತ್ತವರಿಗೆ ಒಳ್ಳೇದು ಮಾಡಿದ" ಅಂದಳು. "ಕೊಂಡವರಿಗೆ?"

"ಕಲ್ಲು ಅಂಗಡಿಗೆ ಬರತ್ತೆ ಅಂತ ಅವನಿಗೆ ಗೊತ್ತಿತ್ತಾ ಅತ್ತೆ?"

"ಗೊತ್ತಿರಬೇಕಿತ್ತು. ಮನುಷ್ಯ ಸಾಯ್ತಾನೆ, ಕಲ್ಲು ಸಾಯತ್ತಾ?" ಮೊರವನ್ನು ಒಮ್ಮೆ ಕೇರಿದಳು. "ಆ ಅಂಗಡಿಯವಳಿಗೂ ವಯಸ್ಸಾಯ್ತು ಅಂದೆ. ಅವಳಾದ ಮೇಲೆ ಆ ಬೊಗಸೆ ಯಾರು ಹಾಕ್ತಾರೆ?"

ಅವನು ಈಗ ಚಪ್ಪಲಿ ಬಿಟ್ಟ.

"ಸೀಸ ತಗೊಂಡು ಹೋಗಿ ತುಂಬಿಸಿ ಬಾ."

"ಮುದ್ರೆ ಹೋಗತ್ತೆ ಅತ್ತೆ. ಅವನದು ಅಂತ ಉಳಿದಿರೋದೇ ಅದು."

"ಹೋಗಲಿ. ಅವನು ಎಲ್ಲಿದಾನೆ ಅಂತ ಗೊತ್ತಾಯ್ತಲ್ಲ, ಸಾಕು." ಆಮೇಲೆ, ಕಾಳಿಗೇ ಹೇಳುವಂತೆ, "ಗೆರೆ ಹೇಗಿತ್ತು? ನೆಟ್ಟಗಿತ್ತಾ?"

"ನೆಟ್ಟಗಿತ್ತು."

"ಅವನ ಕೈ ನಡುಗ್ತಿರಲಿಲ್ಲ" ಎಂದಳು ಅತ್ತೆ.

ಬೆಳಿಗ್ಗೆ ಅವನು ಸೀಸದ ಗಟ್ಟಿಯನ್ನೂ ಕರಗಿಸುವ ಸೌಟನ್ನೂ ಚೀಲಕ್ಕೆ ಹಾಕಿ, ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಟ. ಬಾಗಿಲಲ್ಲಿ ಅತ್ತೆ ತರಕಾರಿಯವಳ ಜೊತೆ ಜಗಳವಾಡುತ್ತಿದ್ದಳು. ಅವಳು ಹಾಕಿದ ನಾಲ್ಕು ಹೆಚ್ಚಿನ ಕಾಯಿಗಳನ್ನು ಆರಿಸಿ ಅವಳ ಬುಟ್ಟಿಗೇ ಹಾಕುತ್ತಿದ್ದಳು. ಅವನು ಗೇಟು ದಾಟಿ ಎಡಕ್ಕೆ ತಿರುಗಿದ.

"ಬಸ್ಸು ಆ ಕಡೆ ಅಲ್ವಲ್ಲೋ!" ಅತ್ತೆ ಹಿಂದಿನಿಂದ ಕೂಗಿದಳು. "ಎಲ್ಲಿಗೆ?"

"ಮೊದಲು ಆಸ್ಪತ್ರೆಗೆ. ಕನ್ನಡಕ ಬಿಟ್ಟು ಬಂದಿದ್ದೆ."

"ಮೂಗಿನ ಮೇಲೇ ಇದೆಯಲ್ಲೋ, ಮಂಕೇ!"

"ಗೊತ್ತು ಅತ್ತೆ" ಎಂದು ಅವನು ಪೆಟ್ಟಿಗೆಯ ಕೈ ಬದಲಾಯಿಸಿದ. ಹತ್ತು ಕಿಲೋ ಸರಿಯಾಗಿ ಹತ್ತು ಕಿಲೋ ಭಾರವಿತ್ತು.